ಎಡಗಡೆಯ ಮೊಟ್ಟೆ

ಅಕ್ಕ ಎಲ್ಲರ ಮುಂದೆ ನನ್ನ ಕಡೆ ತಿರುಗಿ "ಹೇಳ್ಲಾ" ಅಂದಳು. ನನಗೆ ಗೊತ್ತಿದ್ದ ಒಂದು ಮಾತನ್ನು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ. ಅದಾದ ಮೇಲೆ ಮೂರು ವರ್ಷ ಒಂದೇ ಮನೆಯಲ್ಲಿ ಇದ್ದೆವು, ಒಂದೇ ಪಾತ್ರೆಯ ಸಾರು ಉಂಡೆವು. ಆಗಲೂ ಹೇಳಲಿಲ್ಲ. ಈಗ ಅವಳಿಲ್ಲ.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಬರೆದು ಅಭ್ಯಾಸವಿಲ್ಲ. ಅಕ್ಕನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ನಾನು ಮಾಡಿದ್ದೇ ಸಾಕು.

ನಮ್ಮದು ಬೆಟ್ಟದಪುರದ ಬೆಟ್ಟದ ಕೆಳಗಿನ ಒಂದು ಹಳ್ಳಿ. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಮದುವೆಯಾಗಿ ಕೆ.ಆರ್. ನಗರದ ಕಡೆ ಹೋದವಳು ಎರಡೇ ವರ್ಷಕ್ಕೆ ಒಂದು ಟ್ರಂಕು ಹೊತ್ತು ವಾಪಸ್ಸು ಬಂದಳು. ಯಾಕೆ ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮಾರನೆಯ ದಿನವೇ ಹೊಗೆಸೊಪ್ಪು ವಿಂಗಡಿಸುವ ಕೂಲಿಗೆ ಹೋದಳು.

ಹೊಗೆಸೊಪ್ಪು ಬ್ಯಾರನ್ನಿನಲ್ಲಿ, ಅಂದರೆ ಬೆಂಕಿ ಹಾಕಿ ಒಣಗಿಸುವ ಮನೆಯಲ್ಲಿ, ಬೆಂದು ಹೊರಗೆ ಬಂದ ಮೇಲೆ ಬಣ್ಣ ನೋಡಿ ಬೇರೆ ಬೇರೆ ಮಾಡಬೇಕು. ನಮ್ಮಂಥವರಿಗೆ ಎಲ್ಲಾ ಎಲೆಯೂ ಹಳದಿಯೇ. ಅಕ್ಕನಿಗೆ ಅದರೊಳಗೆ ನಿಂಬೆಹಣ್ಣಿನ ಹಳದಿ, ಬಾಳೆಹಣ್ಣಿನ ಹಳದಿ, ಹಳೇ ಪಂಚೆಯ ಹಳದಿ ಅಂತ ಬೇರೆ ಬೇರೆ ಕಾಣುತ್ತಿದ್ದವು. ಎಲೆಯನ್ನು ಒಂದು ಸಲ ಎತ್ತುತ್ತಿದ್ದಳು, ಒಂದು ಸಲ ಇಡುತ್ತಿದ್ದಳು. ಇಟ್ಟದ್ದನ್ನು ಮತ್ತೆ ಮುಟ್ಟುತ್ತಿರಲಿಲ್ಲ. ಬ್ಯಾರನ್ನಿನ ಯಜಮಾನರು ಬೇರೆ ಹೆಂಗಸರು ಕಟ್ಟಿದ ಕಟ್ಟನ್ನು ಬಿಚ್ಚಿ ನೋಡುತ್ತಿದ್ದರು, ಅಕ್ಕ ಕಟ್ಟಿದ್ದನ್ನು ಹಾಗೇ ಗಾಡಿಗೆ ಹಾಕಿಸುತ್ತಿದ್ದರು.

ಇಂಥವಳು ಬಂದೂಕಿನ ಸ್ಪರ್ಧೆಗೆ ಹೇಗೆ ಬಂದಳು ಅನ್ನುವುದನ್ನು ಹೇಳಬೇಕು. ನಮ್ಮೂರಿನಿಂದ ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುವವರು ಬಹಳ. ಅಲ್ಲಿ ಹಬ್ಬಕ್ಕೆ ತೆಂಗಿನಕಾಯಿ ಇಟ್ಟು ಗುಂಡು ಹೊಡೆಯುತ್ತಾರೆ. ಅದನ್ನು ನೋಡಿ ಬಂದವರು ನಮ್ಮೂರಿನ ಯುವಕರ ಸಂಘದಲ್ಲಿ ಎರಡು ಏರ್‌ಗನ್ ತರಿಸಿ, ಆಯುಧಪೂಜೆ ಮುಗಿದ ಭಾನುವಾರ ಕೆರೆ ಅಂಗಳದಲ್ಲಿ ಸ್ಪರ್ಧೆ ಶುರುಮಾಡಿದರು. ಏರ್‌ಗನ್ನಿಗೆ ತೆಂಗಿನಕಾಯಿ ಜಗ್ಗುವುದಿಲ್ಲ. ಅದಕ್ಕೇ ಕಪ್ಪು ಉಂಗುರ ಬರೆದ ಹಾಳೆ. ಹಾಳೆಯ ಮೇಲೆ ಬೀಳುವ ತೂತು ಮೆಣಸಿನಕಾಳಿನಷ್ಟು. ಹೊಡೆಯುವ ಜಾಗದಿಂದ ಅದು ಕಾಣುವುದಿಲ್ಲ. ಪ್ರತಿ ಗುಂಡಿಗೂ ಒಬ್ಬರು ಓಡಿ ಹೋಗಿ ನೋಡಬೇಕು, ಅವರು ಹೇಳಿದ್ದಕ್ಕೆ ಉಳಿದವರು ಜಗಳ ತೆಗೆಯಬೇಕು. ಮೊದಲ ವರ್ಷ ಅರ್ಧ ದಿನ ಸ್ಪರ್ಧೆ, ಅರ್ಧ ದಿನ ಜಗಳ.

ಅಕ್ಕ ಹುಲ್ಲಿನ ಹೊರೆ ಹೊತ್ತು ಅದೇ ದಾರಿಯಲ್ಲಿ ಬರುತ್ತಿದ್ದಳು. ಜಗಳ ಕೇಳಿ ನಿಂತಳು. ಹೊರೆ ಇಳಿಸದೆ ಹಾಳೆಗಳ ಕಡೆ ನೋಡಿ, "ಯಾಕ್ರಪ್ಪ ಕಿತ್ತಾಡ್ತೀರ, ಮೂರನೇ ಹಾಳೇಲಿ ಎರಡು ತೂತು ಒಂದಕ್ಕೊಂದು ಅಂಟ್ಕಂಡವೆ" ಅಂದಳು. ಯಾರೋ ನಗುತ್ತಾ ಹೋಗಿ ನೋಡಿದರು. ಎರಡು ತೂತು ಅಂಟಿಕೊಂಡಿದ್ದವು. "ಅಕ್ಕ, ಹೊರೆ ಇಳಿಸು, ಇಲ್ಲೇ ಕೂತ್ಕೋ" ಅಂದರು. ಅಂದಿನಿಂದ ಹತ್ತು ವರ್ಷ ಅವಳು ಅಲ್ಲಿಂದ ಏಳಲಿಲ್ಲ.

ಆಮೇಲೆ ಸಂಘದವರು ಒಂದು ಹಳೆಯ ದುರ್ಬೀನು ತಂದರು. ಮೂರು ಕಾಲಿನ ಮೇಲೆ ನಿಲ್ಲಿಸುವ ಕೊಳವೆ. ಅಕ್ಕನಿಗೆ ಒಂದು ಕಣ್ಣನ್ನು ಮಾತ್ರ ಮುಚ್ಚಲು ಬರುತ್ತಿರಲಿಲ್ಲ. ಮುಚ್ಚಿದರೆ ಎರಡೂ ಮುಚ್ಚುತ್ತಿದ್ದವು. ಅದಕ್ಕೆ ಎಡಗಣ್ಣಿಗೆ ಎಡ ಅಂಗೈ ಒತ್ತಿಕೊಂಡು ನೋಡುತ್ತಿದ್ದಳು. ಅಂಗೈಯಲ್ಲಿ ಹೊಗೆಸೊಪ್ಪಿನ ಅಂಟು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಸಾಯಂಕಾಲದ ಹೊತ್ತಿಗೆ ಎಡಗಣ್ಣಿನ ಸುತ್ತ ಕಪ್ಪು ಹತ್ತಿ, ಯಾರೋ ಗುದ್ದಿದ ಹಾಗೆ ಕಾಣುತ್ತಿತ್ತು. "ಯಾರಕ್ಕ ನಿಂಗೆ ಬಿಟ್ಟೋರು?" ಅಂತ ಹುಡುಗರು ರೇಗಿಸುತ್ತಿದ್ದರು. "ಬಿಡಾಕೆ ಬಂದೋನು ಆಸ್ಪತ್ರೇಲವ್ನೆ, ನೋಡ್ಕಂಡು ಬರೋಗಿ" ಅನ್ನುತ್ತಿದ್ದಳು.

ಗುಂಡು ಹೊಡೆದ ಸದ್ದಾದ ಮೇಲೆ ತಕ್ಷಣ ಹೇಳುತ್ತಿರಲಿಲ್ಲ. ನೋಡಿ, ಎರಡೂ ಕಣ್ಣು ಮುಚ್ಚಿ ತೆಗೆದು, ಆಮೇಲೆ ಬಾಯಿ ಬಿಡುತ್ತಿದ್ದಳು. "ಎಂಟು. ಒಂಬತ್ತರ ಗೆರೆ ಮುಟ್ಟಿಲ್ಲ." ಅಷ್ಟೇ. ಯಾರೂ ಎದುರು ಮಾತಾಡುತ್ತಿರಲಿಲ್ಲ. ಹುಣಸೂರು, ಕೋಟೆ ತಾಲ್ಲೂಕಿನ ಕಡೆಯಿಂದ ಬಂದವರು ಮೊದಲ ಸಲ "ಹೆಂಗಸು ಹೇಳೋದಾ?" ಅಂತ ಗೊಣಗುತ್ತಿದ್ದರು. ಎರಡು ಸಲ ಹಾಳೆ ತರಿಸಿ ನೋಡಿ ಸುಮ್ಮನಾಗುತ್ತಿದ್ದರು.

ಒಂದು ವರ್ಷ ನಾನೂ ಹೊಡೆದೆ. ಕೊನೆಯ ಗುಂಡು ಹತ್ತರ ಗೆರೆಯ ಮೇಲೇ ಬಿದ್ದಿತ್ತು. ಮುಟ್ಟಿದೆ ಅಂದರೆ ಮುಟ್ಟಿದೆ, ಇಲ್ಲ ಅಂದರೆ ಇಲ್ಲ. ಅಕ್ಕ ಕಣ್ಣು ಮುಚ್ಚಿ ತೆಗೆದು "ಹೊರಗೆ" ಅಂದಳು. ನಾನು ಬಹುಮಾನದಿಂದಲೂ ಹೊರಗಾದೆ. ಮನೆಗೆ ಬಂದು ಊಟ ಬೇಡ ಅಂತ ಮಲಗಿದೆ. ತಟ್ಟೆ ತಂದು ತಲೆಯ ಹತ್ತಿರ ಇಟ್ಟಳು.

"ತಮ್ಮ ಅಂತ ತೂತು ಜರುಗುತ್ತೇನ್ಲಾ?"

"ಒಂದು ಸಲ ಹೇಳಿದ್ರೆ ಏನಾಗಿರೋದು?"

"ಏನೂ ಆಗ್ತಿರ್ಲಿಲ್ಲ. ಮುಂದಿನ ವರ್ಷ ನಾನು ಏನೇ ಅಂದ್ರೂ ಏನೂ ಆಗ್ತಿರ್ಲಿಲ್ಲ. ಏಳು, ಮುದ್ದೆ ಆರೋಗ್ತದೆ."

ಎದ್ದು ಉಂಡೆ. ಆದರೆ ಆ "ಹೊರಗೆ" ನನ್ನೊಳಗೆ ಉಳಿಯಿತು. ಚಿಕ್ಕಂದಿನಿಂದ ಅವಳು ಹೇಳಿದ್ದೇ ಸರಿ ಆಗುತ್ತಿತ್ತು. ಶಾಲೆ ಬಿಡಬೇಡ ಅಂದದ್ದು ಸರಿ ಆಯಿತು. ನನ್ನ ಒಬ್ಬ ಗೆಳೆಯ ನಂಬುವಂಥವನಲ್ಲ ಅಂದದ್ದೂ ಸರಿ ಆಯಿತು. ಯಾವಾಗಲೂ ಸರಿಯಾಗಿರುವವರ ಜೊತೆ ಒಂದೇ ಸೂರಿನಡಿ ಬದುಕುವುದು ಸುಸ್ತು. ಇದನ್ನು ಸಮರ್ಥನೆಗೆ ಬರೆಯುತ್ತಿಲ್ಲ. ಇದ್ದದ್ದನ್ನು ಬರೆಯುತ್ತಿದ್ದೇನೆ.

ವರ್ಷ ಕಳೆದ ಹಾಗೆ ಬಗ್ಗಿ ಬಗ್ಗಿ ನೋಡಿ ಅವಳಿಗೆ ಕತ್ತು ನೋವು ಬಂತು. ನಾನು ಫೋನಿನಲ್ಲಿ ಹುಡುಕಿ, ದುರ್ಬೀನಿನ ಹಿಂಬದಿಗೆ ಸೇರಿಸುವ ಒಂದು ತುಂಡು ತರಿಸಿದೆ. ಮೊಣಕೈ ಹಾಗೆ ಬಾಗಿದ್ದು. ಅದನ್ನು ಹಾಕಿದರೆ ಕೂತಲ್ಲೇ ಕೆಳಗೆ ನೋಡಿದರೆ ಸಾಕು, ಎದುರಿನದು ಕಾಣುತ್ತದೆ. ಹಾಕಿದ ದಿನ ಅಕ್ಕ ನಮ್ಮ ಜಗಲಿಯಿಂದ ಬೇಲಿಯ ಕಡೆ ನೋಡಿದಳು, ತಲೆ ಎತ್ತಿ ಮತ್ತೆ ನೋಡಿದಳು.

"ಇದೇನ್ಲಾ, ಕಾಗೆ ಎಡಕ್ಕೆ ಕೂತೈತೆ, ಇದ್ರೊಳಗೆ ಬಲಕ್ಕೆ ಕಾಣ್ತದೆ?"

"ಬಾಗಿರೋ ಕಡೆ ಒಳಗೊಂದು ಕನ್ನಡಿ ಐತೆ ಕಣಕ್ಕ. ಎಡ ಬಲ ತಿರುಗಿ ಕಾಣ್ತದೆ. ಮೇಲೆ ಕೆಳಗೆ ಸರಿಯಾಗೇ ಇರ್ತದೆ."

"ಅಷ್ಟೇ ತಾನೆ, ಬುಡು. ದಿನಾ ಕನ್ನಡಿ ಮುಂದೆ ಬೈತಲೆ ತೆಗೀತೀನಿ, ಎಡ ಬಲ ನಂಗೆ ಗೊತ್ತಾಗಲ್ವಾ?"

ಇದರಿಂದ ಸ್ಪರ್ಧೆಗೆ ಏನೂ ತೊಂದರೆ ಇರಲಿಲ್ಲ. ಒಂದು ಸಲಕ್ಕೆ ಒಂದೇ ಹಾಳೆ ನೋಡುವುದು. ತೂತು ಎಡಕ್ಕಿದ್ದರೂ ಬಲಕ್ಕಿದ್ದರೂ ಒಂಬತ್ತು ಒಂಬತ್ತೇ. ಕನ್ನಡಿಯ ವಿಷಯ ನನಗೂ ಅಕ್ಕನಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ, ಗೊತ್ತಿರುವ ಅಗತ್ಯವೂ ಇರಲಿಲ್ಲ.

ಮುಂದಿನ ವರ್ಷ ನಾನು ದುರ್ಬೀನಿಗೆ ಫೋನು ಕಚ್ಚಿಸುವ ಕ್ಲಿಪ್ಪು ತಂದೆ. ಫೋನಿನ ಕ್ಯಾಮೆರಾ ಸರಿಯಾಗಿ ದುರ್ಬೀನಿನ ಗಾಜಿನ ನಡುಮಧ್ಯಕ್ಕೆ ಕೂರಬೇಕು. ಕೂದಲೆಳೆ ಸರಿದರೂ ಪರದೆಯೆಲ್ಲ ಕಪ್ಪು. ಬೆರಳಿನಿಂದ ಬಟನ್ ಒತ್ತಿದರೆ ಚಿತ್ರ ಅಲ್ಲಾಡುತ್ತದೆ ಅಂತ ಇಯರ್‌ಫೋನಿನ ಗುಂಡಿ ಒತ್ತಿ ವಿಡಿಯೋ ಶುರುಮಾಡುವುದನ್ನು ಕಲಿತೆ. ಪೆಂಡಾಲಿನೊಳಗೆ ಟೀವಿ ಇಟ್ಟು ಅದಕ್ಕೆ ಸೇರಿಸಿದೆ. ಮೆಣಸಿನಕಾಳಿನಷ್ಟು ತೂತು ಟೀವಿಯಲ್ಲಿ ಮುಷ್ಟಿಯಷ್ಟು ಕಂಡಾಗ ಜನ ಹೋ ಅಂದರು. ಟೀವಿಗೆ ಚಿತ್ರ ಬರುವುದು ಒಂದು ಗಳಿಗೆ ತಡ. ಅಷ್ಟರಲ್ಲಿ ಅಕ್ಕ ಫೋನಿನ ಪರದೆ ನೋಡಿ ಹೇಳಿಬಿಟ್ಟಿರುತ್ತಿದ್ದಳು. "ಟೀವಿಗಿಂತ ಅಕ್ಕನೇ ಫಾಸ್ಟು ಕಣ್ರೋ!" ಅಂತ ಶಿಳ್ಳೆ ಹಾಕಿದರು. ಅವಳಿಗೂ ಖುಷಿಯಾಗಿತ್ತು. ಆದರೆ ಆ ದಿನ ಸಂಘದ ಅಧ್ಯಕ್ಷರು ಭುಜದ ಮೇಲೆ ಕೈ ಹಾಕಿದ್ದು ನನಗೆ. ಮೈಕಿನಲ್ಲಿ ನನ್ನ ಹೆಸರಿನ ಜೊತೆ "ಅವರು" ಸೇರಿಸಿ ಹೇಳಿದರು. ಎಂಟನೇ ಕ್ಲಾಸು ಬಿಟ್ಟವನಿಗೆ ಅದು ಮೊದಲ ಸಲ.

ಆ ಸಂಜೆ ಕೊನೆಗೆ ಇಬ್ಬರು ಸಮ ಸಮ ಉಳಿದರು. ಒಬ್ಬ ಅಧ್ಯಕ್ಷರ ಸೋದರಳಿಯ. ಇನ್ನೊಬ್ಬ ಕೋಟೆ ಕಡೆಯ ಟ್ರ್ಯಾಕ್ಟರ್ ಡ್ರೈವರ್, ಎರಡು ಬಸ್ಸು ಬದಲಾಯಿಸಿ ಒಬ್ಬನೇ ಬಂದಿದ್ದವನು. ಬಹುಮಾನ ಒಂದು ಟಗರು. "ಗೆದ್ರೆ ಇದ್ಕೂ ಟಿಕೆಟ್ ತಗೋಬೇಕಾ ಅಣ್ಣ?" ಅಂತ ಮಧ್ಯಾಹ್ನ ನನ್ನ ಹತ್ತಿರ ನಕ್ಕಿದ್ದ.

ಸಮ ಆದರೆ ಮೊಟ್ಟೆ ಹೊಡೆಯುವುದು ನಮ್ಮ ರೂಢಿ. ಒಂದು ಹಲಗೆಯ ಮೇಲೆ ಎರಡು ಮೊಟ್ಟೆ ಇಡುತ್ತಾರೆ. ಸೀಟಿ ಊದಿದ ತಕ್ಷಣ ಇಬ್ಬರೂ ಹೊಡೆಯಬೇಕು, ಯಾರ ಮೊಟ್ಟೆ ಮೊದಲು ಒಡೆಯುತ್ತದೋ ಅವರು ಗೆದ್ದ ಹಾಗೆ. ಎಡಗಡೆಯದು ಕೋಟೆಯವನದು, ಬಲಗಡೆಯದು ನಮ್ಮೂರಿನವನದು. ಗಾಳಿ ನೋಡಲೆಂದು ಹಲಗೆಯ ಎಡತುದಿಗೆ ಅಕ್ಕ ಒಂದು ಕೆಂಪು ಬಟ್ಟೆ ಚೂರು ಕಟ್ಟಿದ್ದಳು. ನಾನು ಎರಡು ಮೊಟ್ಟೆಯೂ ಬರುವ ಹಾಗೆ ದುರ್ಬೀನು ತಿರುಗಿಸಿ, ಫೋನನ್ನು ಸ್ಲೋ ಮೋಷನ್‌ಗೆ ಹಾಕಿದೆ. ಅಕ್ಕ ಪರದೆ ನೋಡಲಿಲ್ಲ. ಎದ್ದು ನಿಂತು ಬರಿಗಣ್ಣಿನಲ್ಲೇ ನೋಡಿದಳು.

ಸೀಟಿ. ಎರಡೂ ಮೊಟ್ಟೆ ಒಟ್ಟಿಗೇ ಹೋದ ಹಾಗಾಯಿತು. ಅಕ್ಕ ಕಣ್ಣು ಮುಚ್ಚಿ ತೆಗೆದಳು.

"ಎಡಗಡೇದು ಮೊದ್ಲು. ಕೋಟೆಯವ್ರು ಗೆದ್ರು."

ಅಧ್ಯಕ್ಷರು "ಇರಲಿ, ವಿಡಿಯೋ ಹಾಕಪ್ಪ" ಅಂದರು. ಹಾಕಿದೆ. ಟೀವಿಯಲ್ಲಿ ನಿಧಾನವಾಗಿ ಬಲಗಡೆಯ ಮೊಟ್ಟೆ ಮೊದಲು ಬಿರಿದು ಹಳದಿ ಚಿಮ್ಮಿತು. ಆಮೇಲೆ ಎಡಗಡೆಯದು. ನಮ್ಮೂರಿನವರು ಕುಣಿದರು.

"ಅದ್ರೊಳಗೆ ಎಡ ಬಲ ತಿರುಗ್ತದೆ ಕಣ್ರಪ್ಪ," ಅಂದಳು ಅಕ್ಕ. "ಕೊಳವೆ ಒಳಗೆ ಕನ್ನಡಿ ಐತೆ. ಅಲ್ಲಿ ಬಲ ಅಂದ್ರೆ ಇಲ್ಲಿ ಎಡ. ನನ್ ತಮ್ಮನ್ನೇ ಕೇಳಿ, ಅವನೇ ಹಾಕಿರೋದು." ನನ್ನ ಕಡೆ ತಿರುಗಿದಳು. "ಹೇಳ್ಲಾ."

ಟೀವಿಯಲ್ಲಿ ಚಿತ್ರ ನಿಂತಿತ್ತು. ಎಲ್ಲರ ಕಣ್ಣು ಮೊಟ್ಟೆಯ ಮೇಲೆ. ನನ್ನ ಕಣ್ಣು ಕೆಂಪು ಬಟ್ಟೆಯ ಮೇಲೆ. ಅದು ಹಲಗೆಯ ಬಲತುದಿಯಲ್ಲಿ ಹಾರುತ್ತಿತ್ತು. ಬೆರಳು ಮಾಡಿ ತೋರಿಸಿದ್ದರೆ ಸಣ್ಣ ಮಗುವಿಗೂ ಅರ್ಥವಾಗುತ್ತಿತ್ತು. ಅಧ್ಯಕ್ಷರ ಕೈ ಮತ್ತೆ ನನ್ನ ಭುಜದ ಮೇಲಿತ್ತು.

"ಫೋನಲ್ಲಿ ಇರೋದು ಇದೇ ಕಣಕ್ಕ" ಅಂದೆ.

ಅದು ಸುಳ್ಳಲ್ಲ. ಸುಳ್ಳಲ್ಲ ಅಂತಲೇ ಆ ಮಾತನ್ನು ಆರಿಸಿಕೊಂಡೆ.

ಅಕ್ಕ ನನ್ನನ್ನೇ ನೋಡಿದಳು. ಹಿಂದಿನಿಂದ ಒಬ್ಬ, "ಫೋನಿಗೆ ಸುಳ್ಳು ಹೇಳಕ್ಕೆ ಬತ್ತದಾ? ವಯಸ್ಸಾಯ್ತು ಬುಡು ಅಕ್ಕ, ಕಣ್ಣು ಮಂಜಾಯ್ತು" ಅಂದ. ಇನ್ನೊಬ್ಬ ಅದಕ್ಕಿಂತ ಗಟ್ಟಿಯಾಗಿ, "ಮಂಜಲ್ಲ ಕಣ್ಲಾ, ಕೋಟೆಯವ್ನು ಏನ್ ಕೊಟ್ಟ ಅಂತ ಕೇಳು!" ಅಂದ. ಗಂಡ ಬಿಟ್ಟವಳಿಗೆ ಆ ಮಾತಿನ ಅರ್ಥ ಏನು ಅಂತ ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಜನ ನಕ್ಕರು. ಕೋಟೆಯವನು ತಲೆ ತಗ್ಗಿಸಿ ಬ್ಯಾಗು ಎತ್ತಿಕೊಂಡ. ಅಕ್ಕ ಚಪ್ಪಲಿ ಮೆಟ್ಟಿಕೊಂಡು ಕೆರೆ ಏರಿ ಹತ್ತಿ ಹೋದಳು. ನಾನು ಕ್ಲಿಪ್ಪು ಬಿಚ್ಚುತ್ತಾ ನಿಂತೆ. ಅದನ್ನು ಬಿಚ್ಚುವುದಕ್ಕೆ ಅಷ್ಟು ಹೊತ್ತು ಬೇಕಾಗಿರಲಿಲ್ಲ.

ಮನೆಯಲ್ಲಿ ಬಯ್ಯುತ್ತಾಳೆ ಅಂತ ಕಾದೆ. ಬಯ್ಯಲಿಲ್ಲ. ಅಡುಗೆ ಎಂದಿನ ಹಾಗೇ ಇತ್ತು. ಮಾರನೆಯ ದಿನ, ಆ ವಾರ, ಆ ತಿಂಗಳು ಕೂಡ ಏನೂ ಹೇಳಲಿಲ್ಲ. ಬಹಳ ದಿನದ ಮೇಲೆ ಒಂದು ಗಮನಿಸಿದೆ. ಅಕ್ಕನ ಬಾಯಲ್ಲಿ "ನೋಡ್ದೆ" ಅನ್ನುವ ಮಾತು ನಿಂತುಹೋಗಿತ್ತು. ಮೊದಲೆಲ್ಲಾ "ಬಸ್ಸು ಹೋಗಿದ್ದು ನೋಡ್ದೆ" ಅನ್ನುತ್ತಿದ್ದವಳು "ಬಸ್ಸು ಹೋಯ್ತು ಅಂತಾರೆ" ಅನ್ನುತ್ತಿದ್ದಳು. ಒಲೆಯ ಮುಂದೆಯೇ ಕೂತು "ಹಾಲು ಉಕ್ತೇನೋ, ಬಂದು ನೋಡು" ಅಂತ ನನ್ನನ್ನು ಕರೆಯುತ್ತಿದ್ದಳು.

ಕೆರೆ ಅಂಗಳದ ಮಾತು ಬ್ಯಾರನ್ನಿನವರೆಗೂ ಹೋಯಿತು. ಯಜಮಾನರು ಕೆಟ್ಟವರಲ್ಲ. "ಒಂದು ಸಲ ತಿರುಗಿಸಿ ನೋಡಮ್ಮ" ಅಂತ ಅವಳು ಕಟ್ಟಿದ ಕಟ್ಟನ್ನೂ ಬಿಚ್ಚಿಸಿದರು, ಅಷ್ಟೇ. ಅಕ್ಕ ಬಿಚ್ಚಿ ನೋಡಿದಳು, ಮತ್ತೆ ಕಟ್ಟಿದಳು, ಮಾರನೆಯ ದಿನದಿಂದ ಶುಂಠಿ ಹೊಲದ ಕಳೆ ಕೀಳಲು ಹೋದಳು. ಕಳೆ ಕೀಳುವುದಕ್ಕೆ ಅಂಥ ಕಣ್ಣು ಬೇಕಾಗಿಲ್ಲ.

ಎರಡನೆಯ ವರ್ಷ ಒಂದು ಬೆಳಿಗ್ಗೆ ಅವಳೇ ಕೇಳಿದಳು. "ಹುಣಸೂರಿಗೆ ಹೋದ್ರೆ ನನ್ನೂ ಕರ್ಕೊಂಡೋಗ್ಲಾ. ಕಣ್ಣು ತೋರಿಸ್ಬೇಕು."

"ಏನಾಗೈತೆ ಕಣ್ಣಿಗೆ?"

"ಏನಾಗೈತೋ ಗೊತ್ತಿಲ್ಲ. ಅದನ್ನೇ ಕೇಳ್ಬೇಕು."

ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಡಾಕ್ಟರಮ್ಮ ಗೋಡೆಯ ಮೇಲಿನ ಅಕ್ಷರಗಳನ್ನು ತೋರಿಸಿದರು. ಅಕ್ಕ ಕೊನೆಯ ಸಾಲನ್ನೂ ತಡವರಿಸದೆ ಓದಿದಳು. ದೀಪ ಹಾಕಿ ನೋಡಿ, "ಏನೂ ತೊಂದರೆ ಇಲ್ಲ ಕಣ್ರಮ್ಮ, ನನ್ನ ಕಣ್ಣಿಗಿಂತ ಚೆನ್ನಾಗಿದೆ. ಯಾಕೆ ಬಂದ್ರಿ?" ಅಂದರು. ಅಕ್ಕ "ಸುಮ್ಕೆ" ಅಂದಳು.

ವಾಪಸ್ಸು ಹೊರಟೆವು. ನಮ್ಮೂರಿನ ತಿರುವು ಬರುವಾಗ ಬೆನ್ನ ಹಿಂದಿನಿಂದ ಅವಳ ದನಿ ಕೇಳಿಸಿತು.

"ಅಂಗಾದ್ರೆ ಕಣ್ಣು ಸರಿಯಾಗೈತೆ ಅಂತಾರೆ."

ಆಗ ಗಾಡಿ ನಿಲ್ಲಿಸಬೇಕಿತ್ತು. ರಸ್ತೆಯಲ್ಲಿ ಯಾರೂ ಇರಲಿಲ್ಲ, ಅವಳು, ನಾನು ಇಬ್ಬರೇ. ಅವಳು ನನ್ನ ಮುಖವನ್ನೂ ನೋಡುವಂತಿರಲಿಲ್ಲ. ಇಷ್ಟು ಸುಲಭದ ಜಾಗ ಮತ್ತೆ ಸಿಗುವುದಿಲ್ಲ ಅಂತ ಅನ್ನಿಸಿತು ಕೂಡ. ನಾನು ಗೇರು ಬದಲಾಯಿಸಿದೆ.

ಕಳೆದ ಚಳಿಗಾಲ ಶುಂಠಿ ಹೊಲದಲ್ಲಿ ಎದೆ ನೋವು ಅಂದಳಂತೆ. ಹುಣಸೂರು ತಲುಪುವುದರೊಳಗೆ ಹೋದಳು. ನಾನು ಅಂಗಡಿಯಲ್ಲಿ ಯಾರದೋ ಫೋನಿಗೆ ಗಾಜು ಅಂಟಿಸುತ್ತಿದ್ದೆ.

ತಿಥಿ ಮುಗಿದ ಮೇಲೆ ಕೋಟೆಗೆ ಹೋಗಿ ಆ ಟ್ರ್ಯಾಕ್ಟರ್ ಡ್ರೈವರನ್ನು ಹುಡುಕಿದೆ. ಒಂದು ಪೂರ್ತಿ ದಿನ ಹಿಡಿಯಿತು. ಅವನು ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿಸುತ್ತಾ ನಿಂತಿದ್ದ. ನನ್ನ ಗುರುತು ಹಿಡಿದ. ಗೆದ್ದದ್ದು ನೀನೇ, ಕನ್ನಡಿಯ ವಿಷಯ ನನಗೆ ಆಗಲೇ ಗೊತ್ತಿತ್ತು ಅಂತ ಹೇಳಿದೆ. ಅವನಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ.

"ಟಗರು ಹೋದ್ರೆ ಹೋಗ್ಲಿ ಕಣಣ್ಣ," ಅಂದ. "ನನ್ನಿಂದ ಆಯಮ್ಮ ಮಾತು ಕೇಳ್ಬೇಕಾಯ್ತಲ್ಲ ಅಂತ ನಾನು ಆ ಕಡೆ ಬರೋದೇ ಬುಟ್ಬುಟ್ಟೆ. ಹೆಂಗವ್ರೆ?"

"ತೀರ್ಕೊಂಡ್ಲು."

ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. "ಇದನ್ನ ಇಲ್ಲಿಗಂಟ ಬಂದು ನಂಗೇಳಿದ್ರೆ ಏನ್ ಬಂತು? ನಕ್ಕೋರು ಅಲ್ಲವ್ರೆ. ಅಲ್ಲೋಗಿ ಹೇಳು" ಅಂದ.

ಈ ವರ್ಷ ಆಯುಧಪೂಜೆಯ ಮುಂದಿನ ಭಾನುವಾರ ಸಂಘದವರು ಫೋನು, ಕ್ಲಿಪ್ಪು ತಗೊಂಡು ಬಾ ಅಂತ ಹೇಳಿ ಕಳಿಸಿದರು. ಬರಿಗೈಯಲ್ಲಿ ಹೋದೆ. ಇನ್ನೂ ಮೊದಲ ಗುಂಡು ಹೊಡೆದಿರಲಿಲ್ಲ. ಅಧ್ಯಕ್ಷರು ಮೈಕಿನಲ್ಲಿ ಊರು ಊರಿನಿಂದ ಬಂದವರನ್ನು ಸ್ವಾಗತಿಸುತ್ತಿದ್ದರು. ಹತ್ತಿರ ಹೋಗಿ, ಒಂದು ಮಾತು ಹೇಳಬೇಕು, ಮೈಕು ಕೊಡಿ ಅಂದೆ. ಟೀವಿಯ ವಿಷಯ ಅಂದುಕೊಂಡು ಕೊಟ್ಟರು.

ಕನ್ನಡಿಯ ವಿಷಯ ಹೇಳಿದೆ. ಕೆಂಪು ಬಟ್ಟೆಯ ವಿಷಯ ಹೇಳಿದೆ. ಅಧ್ಯಕ್ಷರು ಮುಖ ಕೆಂಪು ಮಾಡಿಕೊಂಡು, "ಈಗ್ಯಾಕ್ಲಾ ಇದೆಲ್ಲಾ, ಆಯಮ್ಮ ಹೋದ್ಮೇಲೆ? ಆಗೇನು ನಾಲಿಗೆ ಬಿದ್ದೋಗಿತ್ತಾ?" ಅಂತ ಮೆಲ್ಲಗೆ ಅಂದರು. ಆ ಮಾತೂ ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

"ಹೂಂ, ಬಿದ್ದೋಗಿತ್ತು," ಅಂದೆ. "ನಂಗೆ ಗೊತ್ತಿತ್ತು, ಗೊತ್ತಿದ್ದೂ ಹೇಳ್ಲಿಲ್ಲ. ನಮ್ಮಕ್ಕನ ಕಣ್ಣು ಮಂಜಾಗಿರ್ಲಿಲ್ಲ. ಅವಳು ಯಾರ ಹತ್ರಾನೂ ಏನೂ ಈಸ್ಕೊಂಡಿರ್ಲಿಲ್ಲ. ಅವತ್ತು ಇಲ್ಲಿ ಸುಳ್ಳಾದೋನು ನಾನೊಬ್ಬನೇ. ಅಕ್ಕ, ಎಡಗಡೇದೇ ಮೊದ್ಲು ಕಣಕ್ಕ. ನೀನು ನೋಡಿದ್ದು ಸರಿ. ನಂದು ತಪ್ಪಾಯ್ತು."